ಪ್ರತಿ ಭಾನುವಾರ ಬರುವ ಮಗ: ಒಂದು ಫ್ರೆಂಚ್ ಚಲನಚಿತ್ರದ ವಿಮರ್ಶೆ

ವೃದ್ಧಾಪ್ಯದ ಏಕಾಂಗಿತನವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಮಕ್ಕಳಿಂದ ದೂರವಾದ ತಂದೆತಾಯಿಗಳನ್ನೇ ನೆನೆಯುತ್ತೇವೆ. ಮಗ ಬರಲಿಲ್ಲ, ಮಗಳು ವಿಚಾರಿಸಲಿಲ್ಲ, ಮನೆ ಬರಿದಾಯಿತು ಎಂಬುದು ನಮಗೆ ಪರಿಚಿತವಾದ ಕಥೆ. ಆದರೆ ಮಕ್ಕಳು ಬಂದಿರುವ ದಿನವೂ, ಮೊಮ್ಮಕ್ಕಳು ತೋಟದಲ್ಲಿ ಆಡುತ್ತಿರುವ ಹೊತ್ತಿನಲ್ಲೂ, ಊಟದ ಮೇಜಿನ ಸುತ್ತ ಎಲ್ಲರೂ ಕುಳಿತಿರುವಾಗಲೂ ಮನುಷ್ಯನು ಒಂಟಿಯಾಗಿರಬಲ್ಲನೇ? ಹಾಗಿದ್ದರೆ ಆ ಒಂಟಿತನಕ್ಕೆ ಹೊಣೆ ಯಾರು? ಬಾರದ ಮಕ್ಕಳನ್ನು ದೂಷಿಸುವುದು ಸುಲಭ. ಬಂದ ಮಕ್ಕಳನ್ನು ನಾವು ಹೇಗೆ ಬರಮಾಡಿಕೊಂಡೆವು ಎಂದು ಕೇಳಿಕೊಳ್ಳುವುದು ಕಷ್ಟ. ಈ ಎರಡನೆಯ ಪ್ರಶ್ನೆಯನ್ನು ಯಾವ ಗದ್ದಲವೂ ಇಲ್ಲದೆ ಕೇಳುವ ಒಂದು ಚಲನಚಿತ್ರವನ್ನು ವಾಚಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಬರ್ತ್ರಾಂ ತಾವೆರ್ನಿಯೆ ಅವರು 1984ರಲ್ಲಿ ನಿರ್ದೇಶಿಸಿದ ಈ ಚಿತ್ರದ ಹೆಸರು ‘ಅಂ ದಿಮಾಂಶ್ ಆ ಲಾ ಕಾಂಪಾನ್ಯ್’, ಎಂದರೆ ‘ಹಳ್ಳಿಯಲ್ಲೊಂದು ಭಾನುವಾರ’. ಇಂಗ್ಲಿಷ್ ಬಲ್ಲ ಪ್ರೇಕ್ಷಕರಿಗೆ ಇದು ‘ಎ ಸಂಡೇ ಇನ್ ದಿ ಕಂಟ್ರಿ’ ಎಂಬ ಹೆಸರಿನಿಂದ ಪರಿಚಿತ. ಅದೇ ವರ್ಷದ ಕಾನ್ ಚಲನಚಿತ್ರೋತ್ಸವದಲ್ಲಿ ತಾವೆರ್ನಿಯೆ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ದೊರೆಯಿತು. ಕಥೆಯ ಮೂಲವು ಪಿಯೆರ್ ಬೋಸ್ತ್ ಅವರು 1945ರಲ್ಲಿ ಪ್ರಕಟಿಸಿದ ಒಂದು ಕಿರುಕಾದಂಬರಿ. ಅದರ ಹೆಸರಿನ ಅರ್ಥವೇ ‘ಶ್ರೀಮಾನ್ ಲಾದ್ಮಿರಾಲ್ ಬೇಗನೆ ಸಾಯಲಿದ್ದಾರೆ’ ಎಂಬುದು. ಹೆಸರಿನಲ್ಲಿಯೇ ಸಾವನ್ನು ಹೊತ್ತ ಈ ಕೃತಿಯಲ್ಲಿ ನಡೆಯುವುದಾದರೂ ಏನು ಎಂದರೆ, ಹೇಳಿಕೊಳ್ಳುವಂಥದೇನೂ ಇಲ್ಲ. ಬೆಳಗಿನಿಂದ ರಾತ್ರಿಯವರೆಗಿನ ಒಂದು ರಜಾದಿನ, ಅಷ್ಟೇ.

ಕಾಲ 1912. ಪ್ಯಾರಿಸ್ಸಿಗೆ ಸಮೀಪದ ಹಳ್ಳಿಯೊಂದರಲ್ಲಿ ವಿಶಾಲವಾದ ಮನೆ, ಸುತ್ತಲೂ ಮರಗಳ ತೋಟ. ಅಲ್ಲಿ ವಾಸಿಸುವವರು ಇಬ್ಬರೇ: ಪತ್ನಿಯನ್ನು ಕಳೆದುಕೊಂಡ ವೃದ್ಧ ಚಿತ್ರಕಾರ ಲಾದ್ಮಿರಾಲ್, ಮತ್ತು ಮನೆವಾರ್ತೆ ನೋಡಿಕೊಳ್ಳುವ ಮೆರ್ಸೆದೆಸ್ ಎಂಬ ಹೆಂಗಸು. ಮಗ ಗೋಂಝಾಗ್ ಪ್ಯಾರಿಸ್ಸಿನಲ್ಲಿ ನೆಲೆಸಿದ್ದಾನೆ. ಭಾನುವಾರಗಳಂದು ಅವನು ಪತ್ನಿ ಮಾರಿ-ತೆರೇಝ್ ಹಾಗೂ ಮೂವರು ಮಕ್ಕಳೊಡನೆ ರೈಲಿನಲ್ಲಿ ಬಂದು, ತಂದೆಯೊಡನೆ ಊಟ ಮಾಡಿ, ಸಂಜೆ ಹಿಂದಿರುಗುತ್ತಾನೆ. ಮಗಳು ಇರೇನ್ ಅವಿವಾಹಿತೆ; ಪ್ಯಾರಿಸ್ಸಿನಲ್ಲಿ ಸ್ವಂತ ಅಂಗಡಿ ನಡೆಸುತ್ತಾಳೆ, ಸ್ವಂತ ಮೋಟಾರು ಗಾಡಿಯನ್ನು ತಾನೇ ಓಡಿಸುತ್ತಾಳೆ. 1912ರಲ್ಲಿ ಹೆಣ್ಣೊಬ್ಬಳು ಹೀಗಿರುವುದು ಸಣ್ಣ ಸಂಗತಿಯಲ್ಲ. ಅವಳು ಬರುವುದು ಅಪರೂಪ. ಬಂದರೆ ಮುನ್ಸೂಚನೆಯಿಲ್ಲದೆ ಬರುತ್ತಾಳೆ. ಈ ಭಾನುವಾರ ಅವಳು ಬರುತ್ತಾಳೆ. ಚಿತ್ರದ ಘಟನೆ ಎಂಬುದಿದ್ದರೆ ಅದು ಇದೊಂದೇ.

ಬೆಳಿಗ್ಗೆ ಮಗನ ಸಂಸಾರವನ್ನು ಎದುರುಗೊಳ್ಳಲು ಮುದುಕನು ನಿಲ್ದಾಣದ ಕಡೆಗೆ ಹೊರಡುತ್ತಾನೆ. ಅವನು ತಲುಪುವ ಮೊದಲೇ ಅವರು ಇಳಿದು ದಾರಿಯಲ್ಲಿ ಅವನಿಗೆ ಎದುರಾಗುತ್ತಾರೆ. ತಾನು ತಡವಾಗಿ ಹೊರಟೆನೆಂದಾಗಲೀ ಹಿಂದಿನಷ್ಟು ಬೇಗ ನಡೆಯಲಾರೆನೆಂದಾಗಲೀ ತಂದೆ ಒಪ್ಪಿಕೊಳ್ಳಲಾರ. ಮಗನಿಗೆ ಅದು ತಿಳಿದಿದೆ. ತಿಳಿದೂ ಅವನು ಹೇಳುವುದಿಲ್ಲ. ಈ ಒಂದು ಸಣ್ಣ ಸನ್ನಿವೇಶದಲ್ಲಿ ಇಡೀ ಚಿತ್ರದ ನಡವಳಿಕೆ ಅಡಗಿದೆ. ಇಲ್ಲಿ ಯಾರೂ ಯಾರಿಗೂ ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿಯೊಬ್ಬರೂ ಮತ್ತೊಬ್ಬರ ಮನಸ್ಸು ನೋಯಬಾರದೆಂದು ಏನನ್ನೋ ನುಂಗಿಕೊಳ್ಳುತ್ತಾರೆ. ಹೀಗೆ ನುಂಗಿಕೊಂಡ ಮಾತುಗಳೆಲ್ಲ ಸೇರಿ ಆ ಮನೆಯ ಮೌನವಾಗಿದೆ. ದಯೆಯಿಂದ ಹುಟ್ಟಿದ ಮೌನವೂ ಬಹುಕಾಲ ಮುಂದುವರಿದರೆ ಗೋಡೆಯಾಗುತ್ತದೆ ಎಂಬುದು ನೋಡುವವರಿಗೆ ಕ್ರಮೇಣ ಮನವರಿಕೆಯಾಗುತ್ತದೆ.

ಮಧ್ಯಾಹ್ನದ ಊಟ ಮುಗಿದು ಮನೆಯೆಲ್ಲ ಜೊಂಪಿನಲ್ಲಿರುವಾಗ ಇರೇನಳ ಮೋಟಾರಿನ ಸದ್ದು ಕೇಳುತ್ತದೆ. ಹಿಂದೆಯೇ ಅವಳ ನಾಯಿಯೂ ಒಳನುಗ್ಗುತ್ತದೆ. ಕ್ಷಣಮಾತ್ರದಲ್ಲಿ ಎಲ್ಲವೂ ಬದಲಾಗುತ್ತದೆ. ಬೆಳಗಿನಿಂದ ಸೌಜನ್ಯದಿಂದ ಮಾತನಾಡುತ್ತಿದ್ದ ತಂದೆಯ ಮುಖದಲ್ಲಿ ಈಗ ಸಂತೋಷ ಕಾಣುತ್ತದೆ. ಬೆಳಿಗ್ಗೆ ಅಲ್ಲಿದ್ದುದು ಕೇವಲ ಸೌಜನ್ಯವಾಗಿತ್ತು ಎಂಬುದು ಆಗಲೇ ನಮಗೆ ತಿಳಿಯುವುದು. ಗೋಂಝಾಗನಿಗೆ ಮಾತ್ರ ಇದು ಹೊಸದಲ್ಲ. ತಂಗಿಯನ್ನು ಅವನೂ ಪ್ರೀತಿಸುತ್ತಾನೆ. ಅವಳಿಂದ ಮನೆ ಬೆಳಗುವುದನ್ನು ಕಂಡು ಸಂತೋಷಪಡುತ್ತಾನೆ. ಆದರೂ ಒಂದು ವಿಷಯ ಅವನಿಗೆ ಗೊತ್ತಿದೆ. ತಾನು ವರ್ಷವೆಲ್ಲ ಬಂದರೂ ಆಗದ್ದು ಅವಳು ಒಂದು ಸಲ ಬಂದರೆ ಆಗುತ್ತದೆ.

ಈ ಚಿತ್ರವನ್ನು ಬಹಳ ಜನ ಕಳೆದುಹೋದ ಕಾಲದ ಮಧುರ ಸ್ಮರಣೆಯೆಂದು ಕೊಂಡಾಡಿದ್ದಾರೆ. ಬಿಸಿಲು, ಮರಗಳ ನೆರಳು, ಬಿಳಿಯ ಉಡುಪುಗಳು, ಗಾಬ್ರಿಯೆಲ್ ಫೋರೆಯ ಸಂಗೀತ ಇವೆಲ್ಲ ಆ ಭಾವನೆಯನ್ನು ಹುಟ್ಟಿಸುವುದು ಸಹಜವೇ. ನನ್ನ ದೃಷ್ಟಿಯಲ್ಲಿ ಇದು ಅದಕ್ಕಿಂತ ಕಠಿಣವಾದ ಚಿತ್ರ. ಇದು ಒಂದು ಅನ್ಯಾಯದ ಕಥೆ. ಆ ಅನ್ಯಾಯವನ್ನು ಮಾಡುವವನು ದುಷ್ಟನಲ್ಲ. ಸಜ್ಜನ, ಮೃದುಭಾಷಿ, ತನ್ನ ಪಕ್ಷಪಾತವನ್ನು ತಾನೇ ಬಲ್ಲವನು. ಬಲ್ಲವನಾದರೂ ಅದನ್ನು ತಿದ್ದಿಕೊಳ್ಳಲಾರ. ಪ್ರೀತಿಯು ನಮ್ಮ ಇಚ್ಛೆಯ ಅಧೀನವಲ್ಲ, ಆದ್ದರಿಂದ ಅದಕ್ಕೆ ನಾವು ಹೊಣೆಯಲ್ಲ ಎಂದು ಹಲವರು ವಾದಿಸುತ್ತಾರೆ. ಚಿತ್ರವು ಈ ವಾದವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಮನಸ್ಸಿನ ಒಲವು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಎದುರಿಗಿರುವವನನ್ನು ಕಣ್ಣೆತ್ತಿ ನೋಡುವುದು ಖಂಡಿತವಾಗಿ ನಮ್ಮ ಕೈಯಲ್ಲಿದೆ.

ಮಗನ ಮೇಲೆ ತಂದೆಗೆ ಏಕೆ ಒಲವಿಲ್ಲ? ಇದಕ್ಕೆ ಚಿತ್ರವು ಕೊಡುವ ಉತ್ತರ ಅತ್ಯಂತ ಮಾರ್ಮಿಕವಾದುದು. ಗೋಂಝಾಗನು ತಂದೆಯ ಅಪೇಕ್ಷೆಗಳನ್ನು ಮುರಿದವನಲ್ಲ, ಈಡೇರಿಸಿದವನು. ಒಂದು ಕಾಲದಲ್ಲಿ ಅವನೂ ಚಿತ್ರ ಬರೆಯುತ್ತಿದ್ದ, ಬಿಟ್ಟುಬಿಟ್ಟ. ಭದ್ರವಾದ ಉದ್ಯೋಗ, ಕ್ರಮಬದ್ಧವಾದ ದಾಂಪತ್ಯ, ವಿಧೇಯರಾದ ಮಕ್ಕಳು, ಭಾನುವಾರದ ಭೇಟಿ ಇವೆಲ್ಲ ಒಳ್ಳೆಯ ಮಗನಲ್ಲಿ ಸಮಾಜವು ಬಯಸುವ ಲಕ್ಷಣಗಳೇ. ಲಾದ್ಮಿರಾಲನ ಜೀವನವೂ ಹೀಗೆಯೇ ಸಾಗಿದೆ. ಅವನು ಗುರುಗಳು ಹೇಳಿದಂತೆ ಬರೆದವನು, ಗೌರವ ಪದಕಗಳನ್ನು ಪಡೆದವನು, ನಿಯಮವನ್ನು ಮೀರದವನು. ಅವನ ಕಣ್ಣೆದುರಿಗೇ ಮೋನೆ, ಸೆಝಾನ್, ವಾನ್ ಗೋ ಮೊದಲಾದವರು ಚಿತ್ರಕಲೆಯ ದಾರಿಯನ್ನೇ ಬದಲಿಸಿದರು. ಅವನು ಅದನ್ನು ಕಂಡನು, ಅದರ ಸತ್ವವನ್ನು ಅರಿತನು, ಆದರೆ ಆ ದಾರಿಯಲ್ಲಿ ಹೆಜ್ಜೆಯಿಡಲಿಲ್ಲ. ಈಗಲೂ ಅವನು ತನ್ನ ಚಿತ್ರಶಾಲೆಯ ಒಂದು ಮೂಲೆಯನ್ನೇ ಎಚ್ಚರಿಕೆಯಿಂದ ಬರೆಯುತ್ತಿದ್ದಾನೆ. ಮಗನನ್ನು ನೋಡಿದಾಗ ಅವನಿಗೆ ಕಾಣುವುದು ತನ್ನದೇ ಅಂಜಿಕೆ. ವಿಧೇಯನಾದ ತಂದೆಗೆ ವಿಧೇಯನಾದ ಮಗ ಹುಟ್ಟಿದ್ದಾನೆ; ಆ ವಿಧೇಯತೆಯನ್ನು ತಂದೆಯು ತನ್ನಲ್ಲಿ ಕ್ಷಮಿಸಿಕೊಂಡಿಲ್ಲವಾದ್ದರಿಂದ ಮಗನಲ್ಲಿಯೂ ಕ್ಷಮಿಸಲಾರ.

ಕುಟುಂಬದ ಅಪೇಕ್ಷೆಗಳನ್ನು ಕುರಿತ ಬಹುಪಾಲು ಕಥೆಗಳಲ್ಲಿ ಹಿರಿಯರು ಏನನ್ನೋ ಬಯಸುತ್ತಾರೆ, ಕಿರಿಯರು ಅದನ್ನು ನಿರಾಕರಿಸುತ್ತಾರೆ, ಅಲ್ಲಿ ಸಂಘರ್ಷ ಹುಟ್ಟುತ್ತದೆ. ತಾವೆರ್ನಿಯೆ ತೋರಿಸುವುದು ಇದಕ್ಕಿಂತ ಸೂಕ್ಷ್ಮವಾದ ದುಃಖವನ್ನು. ಬಯಸಿದ್ದನ್ನೆಲ್ಲ ಮಗ ಕೊಟ್ಟಿದ್ದಾನೆ. ಕೊಟ್ಟ ಮೇಲೆ ತಂದೆಗೆ ಅದು ಬೇಡವಾಗಿದೆ. ಮಗನಿಗೆ ಇನ್ನು ಹಿಂದಿರುಗುವ ದಾರಿಯಿಲ್ಲ. ಅವನ ಹೆಸರಿನ ವಿಷಯದಲ್ಲಿಯೂ ಇದೇ ಕಾಣುತ್ತದೆ. ಪತ್ನಿಗೆ ಗೋಂಝಾಗ್ ಎಂಬ ಹೆಸರು ಹಿಡಿಸದು. ಆದ್ದರಿಂದ ಅವಳ ಬಾಯಲ್ಲಿ ಅವನು ಎದುಆರ್. ತಂದೆಯ ಮನೆಯಲ್ಲಿ ಗೋಂಝಾಗ್, ತನ್ನ ಮನೆಯಲ್ಲಿ ಎದುಆರ್. ಎರಡು ಕಡೆಯೂ ಇತರರು ಇಟ್ಟ ಹೆಸರಿಗೆ ಓಗೊಡುವವನು. ಅವನಿಗೆ ತಾನು ಯಾರೆಂದು ಕೇಳಿಕೊಳ್ಳಲು ಬಿಡುವು ದೊರೆತಿದೆಯೇ ಎಂಬ ಸಂಶಯ ಪ್ರೇಕ್ಷಕನಿಗೆ ಬರುತ್ತದೆ.

ಹಾಗಾದರೆ ಇರೇನ್ ಸುಖಿಯೇ? ಮೇಲ್ನೋಟಕ್ಕೆ ಅವಳು ಯಾರ ಅಪೇಕ್ಷೆಗೂ ಕಟ್ಟುಬೀಳದವಳು. ಅಟ್ಟ ಹತ್ತಿ ಹಳೆಯ ಶಾಲುಗಳನ್ನು ಕೆದಕುತ್ತಾಳೆ, ತಂದೆಯ ಎಚ್ಚರಿಕೆಯ ಚಿತ್ರಗಳನ್ನು ಮೆಚ್ಚಿದಂತೆ ನಟಿಸುವುದಿಲ್ಲ. ಆದರೆ ಅವಳ ಚಿತ್ತವೆಲ್ಲ ಪ್ಯಾರಿಸ್ಸಿನಲ್ಲಿರುವ ಒಬ್ಬನ ಕಡೆಗೆ ಹರಿಯುತ್ತಿದೆ. ದೂರವಾಣಿಯ ಬಳಿಗೆ ಅವಳು ಮತ್ತೆ ಮತ್ತೆ ಹೋಗುವುದನ್ನು ನಾವು ನೋಡುತ್ತೇವೆ. ತಂದೆ ಆ ವಿಷಯ ಕೇಳುವುದಿಲ್ಲ, ಮಗಳು ಹೇಳುವುದಿಲ್ಲ. ಕಡೆಗೆ ಆ ದೂರವಾಣಿಯ ಮಾತಿನಿಂದಲೇ ಕಂಗೆಟ್ಟು, ಬಂದಷ್ಟೇ ಹಠಾತ್ತಾಗಿ ಹೊರಟುಹೋಗುತ್ತಾಳೆ. ಅಣ್ಣನು ಇತರರ ಅಪೇಕ್ಷೆಗೆ ಬಾಗಿದ್ದರಿಂದ ಒಂಟಿ. ತಂಗಿಯು ಬಾಗದೆಯೂ ಒಂಟಿ. ಸ್ವಾತಂತ್ರ್ಯವೊಂದೇ ಒಂಟಿತನಕ್ಕೆ ಮದ್ದು ಎಂಬ ಅಗ್ಗದ ಸಮಾಧಾನವನ್ನು ನಿರ್ದೇಶಕರು ನಮಗೆ ಕೊಡುವುದಿಲ್ಲ. ಇದು ಚಿತ್ರದ ಪ್ರಾಮಾಣಿಕತೆ.

ಹೊರಡುವ ಮುನ್ನ ಅವಳು ತಂದೆಯನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಹೊಳೆಯ ದಂಡೆಯ ಒಂದು ವಿಹಾರಸ್ಥಳಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಮುದುಕನು ತನ್ನ ಕಲಾಜೀವನವನ್ನು ಕುರಿತು ಮನಸ್ಸು ಬಿಚ್ಚಿ ಮಾತನಾಡುತ್ತಾನೆ. ದಿನದಲ್ಲಿ ಇದೊಂದೇ ಸಲ ನುಂಗಿಕೊಂಡ ಮಾತು ಹೊರಬರುವುದು. ತನಗೆ ಬೇರೆ ಬಗೆಯಲ್ಲಿ ಬರೆಯಬೇಕೆಂಬ ಆಸೆಯಿತ್ತು, ಆದರೆ ಆಗಲೂ ತಾನು ಮತ್ತೊಬ್ಬರನ್ನು ಅನುಕರಿಸಿದಂತೆಯೇ ಆಗುತ್ತಿತ್ತು ಎಂಬುದು ಅವನ ಮಾತಿನ ತಾತ್ಪರ್ಯ. ಅದರಲ್ಲಿ ಗೋಳಾಟವಿಲ್ಲ. ಮಗಳು ಅವನನ್ನು ಕುಣಿತಕ್ಕೆ ಎಬ್ಬಿಸುತ್ತಾಳೆ. ತಂದೆಮಕ್ಕಳಿಬ್ಬರೂ ಜನರ ನಡುವೆ ನಿಧಾನವಾಗಿ ಹೆಜ್ಜೆಹಾಕುವ ಆ ದೃಶ್ಯವನ್ನು ಕಂಡು ಕಣ್ಣು ತೇವವಾಗದವರು ವಿರಳ. ಆದರೆ ಅದೇ ಹೊತ್ತಿನಲ್ಲಿ ಗೋಂಝಾಗನು ಮನೆಯಲ್ಲಿದ್ದಾನೆ. ತಂದೆಯನ್ನು ಇಂಥ ಮಾತಿಗೆ ಎಳೆಯುವ ಧೈರ್ಯ ಅವನಿಗೆ ಎಂದೂ ಬಂದಿಲ್ಲ. ಅವನನ್ನು ಇಂಥ ಮಾತಿಗೆ ಅರ್ಹನೆಂದು ತಂದೆ ಎಂದೂ ಎಣಿಸಿಲ್ಲ. ಇವುಗಳಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಬೇರ್ಪಡಿಸುವುದು ಅಸಾಧ್ಯ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ಲಾದ್ಮಿರಾಲನ ಪಕ್ಷಪಾತವನ್ನು ತೋರಿಸುವ ಚಿತ್ರವು ತಾನೇ ಆ ಪಕ್ಷಪಾತಕ್ಕೆ ಒಳಗಾಗಿಲ್ಲವೇ? ಇರೇನ್ ಬಂದೊಡನೆ ಚಿತ್ರದ ಗತಿಗೆ ಚುರುಕು ಬರುತ್ತದೆ. ಅವಳು ಹೋದಾಗ ಪ್ರೇಕ್ಷಕರಾದ ನಮಗೂ ಮನೆ ಕತ್ತಲಾದಂತೆ ತೋರುತ್ತದೆ. ಆ ಪಾತ್ರವನ್ನು ನಿರ್ವಹಿಸಿದ ಸಾಬೀನ್ ಅಝೆಮಾ ಅವರಿಗೆ ಫ್ರಾನ್ಸಿನ ಸೆಝಾರ್ ಪ್ರಶಸ್ತಿ ದೊರೆತದ್ದು ನ್ಯಾಯವೇ. ಆದರೆ ಗೋಂಝಾಗನಾಗಿ ಮಿಶೆಲ್ ಓಮೋಂ ಮಾಡಿರುವ ಕೆಲಸವು ಇನ್ನೂ ಕಠಿಣವಾದುದು. ಗಮನ ಸೆಳೆಯದ ಮನುಷ್ಯನನ್ನು ಗಮನ ಸೆಳೆಯದಂತೆಯೇ ಅಭಿನಯಿಸಿ, ಆದರೂ ಅವನ ನೋವು ನಮಗೆ ಮುಟ್ಟುವಂತೆ ಮಾಡುವುದು ಸಾಮಾನ್ಯವಲ್ಲ. ಸೊಸೆ ಮಾರಿ-ತೆರೇಝಳ ವಿಷಯದಲ್ಲಿ ಮಾತ್ರ ಚಿತ್ರವು ಉದಾರವಾಗಿಲ್ಲ ಎಂದೇ ಹೇಳಬೇಕು. ಅವಳ ದೈವಭಕ್ತಿ, ಅವಳ ಲೌಕಿಕ ಲೆಕ್ಕಾಚಾರ ಇವೆರಡೂ ಲಘುಹಾಸ್ಯಕ್ಕೆ ವಸ್ತುವಾಗಿವೆ. ತನ್ನದಲ್ಲದ ಮನೆಗೆ ರಜಾದಿನಗಳಂದು ಬಂದು, ತನ್ನನ್ನು ಅಷ್ಟಾಗಿ ಮೆಚ್ಚದ ಮಾವನೆದುರು ನಗುಮುಖದಿಂದಿರುವ ಹೆಂಗಸಿಗೂ ಒಂದು ಒಂಟಿತನವಿರಬಹುದಲ್ಲವೇ? ಅದನ್ನು ನೋಡಲು ನಿರ್ದೇಶಕರು ಇನ್ನೊಂದಿಷ್ಟು ಹೊತ್ತು ನಿಲ್ಲಬಹುದಾಗಿತ್ತು.

ಗೋಂಝಾಗನ ಮಟ್ಟಿಗೆ ಚಿತ್ರವು ತನ್ನ ಪಕ್ಷಪಾತವನ್ನು ಅರಿತು ತಿದ್ದಿಕೊಳ್ಳುವ ಯತ್ನ ಮಾಡಿದೆ. ಅದಕ್ಕೆ ಸಾಧನವಾಗಿರುವುದು ಕಥೆಯ ನಡುವೆ ಕೇಳಿಬರುವ ನಿರೂಪಕನ ಧ್ವನಿ. ಸ್ವತಃ ತಾವೆರ್ನಿಯೆ ಅವರೇ ಓದಿರುವ ಈ ನಿರೂಪಣೆಯು ಪಾತ್ರಗಳು ಬಾಯಿಬಿಟ್ಟು ಆಡಲಾರದ್ದನ್ನು ತೀರ್ಪು ನೀಡದೆ ಹೇಳುತ್ತದೆ. ಮತ್ತೊಂದು ಸಂದರ್ಭದಲ್ಲಿ ಗೋಂಝಾಗನು, ತಂದೆಯು ಸತ್ತು ಮಲಗಿರುವುದನ್ನು ಮನಸ್ಸಿನಲ್ಲಿಯೇ ಕಾಣುತ್ತಾನೆ. ಆ ಮನೆಯಲ್ಲಿ ಅಂದು ತಂದೆಯ ಸಾವನ್ನು ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿ ಕಲ್ಪಿಸಿಕೊಂಡವನು ಅವನು. ಹಾಗೆ ಕಲ್ಪಿಸಿಕೊಳ್ಳುವಷ್ಟು ಪ್ರೀತಿ ಅವನಲ್ಲಿದೆ. ಕರ್ತವ್ಯವೆಂದು ನಾವು ಲಘುವಾಗಿ ತಳ್ಳಿಹಾಕಿದ್ದ ಅವನ ಭೇಟಿಗಳು ಆ ಒಂದು ದೃಶ್ಯದಿಂದ ಬೇರೆಯೇ ಬೆಲೆ ಪಡೆಯುತ್ತವೆ. ಮುಂದೊಂದು ದಿನ ಮುದುಕನ ಹಾಸಿಗೆಯ ಪಕ್ಕದಲ್ಲಿ ಇರುವವನು ಇವನೇ ಎಂಬುದರಲ್ಲಿ ಪ್ರೇಕ್ಷಕನಿಗೆ ಸಂಶಯ ಉಳಿಯುವುದಿಲ್ಲ.

ಮೂಲ ಲೇಖಕರ ಜೀವನದ ಒಂದು ಸಂಗತಿಯನ್ನೂ ಇಲ್ಲಿ ಸ್ಮರಿಸುವುದು ಯುಕ್ತ. ಪಿಯೆರ್ ಬೋಸ್ತ್ ಅವರು ಝಾಂ ಓರಾಂಶ್ ಅವರೊಡಗೂಡಿ ಅನೇಕ ಫ್ರೆಂಚ್ ಚಿತ್ರಗಳಿಗೆ ಚಿತ್ರಕಥೆ ಬರೆದರು. 1954ರಲ್ಲಿ ಆಗಿನ್ನೂ ತರುಣ ವಿಮರ್ಶಕರಾಗಿದ್ದ ಫ್ರಾಂಸ್ವಾ ಟ್ರೂಫೋ ಅವರು ಒಂದು ಪ್ರಸಿದ್ಧ ಲೇಖನದಲ್ಲಿ ಈ ಜೋಡಿಯನ್ನು ಹಳೆಯ ಸಂಪ್ರದಾಯದ ಪ್ರತಿನಿಧಿಗಳೆಂದು ತೀವ್ರವಾಗಿ ಖಂಡಿಸಿದರು. ಹೊಸ ಅಲೆಯ ಮುಂದೆ ಅವರ ಹೆಸರು ಮಸುಕಾಯಿತು. ಇಪ್ಪತ್ತು ವರ್ಷಗಳ ಅನಂತರ, 1974ರಲ್ಲಿ, ತಾವೆರ್ನಿಯೆ ತಮ್ಮ ಪ್ರಥಮ ಕಥಾಚಿತ್ರಕ್ಕೆ ಇದೇ ಹಿರಿಯರಿಬ್ಬರನ್ನು ಕರೆತಂದರು. ಬೋಸ್ತ್ ಅವರು 1975ರಲ್ಲಿ ತೀರಿಕೊಂಡರು. ಅವರ ಕಿರುಕಾದಂಬರಿಯನ್ನು ತಾವೆರ್ನಿಯೆ ಅವರು ಕೋಲೋ ಅವರ ಜೊತೆಯಲ್ಲಿ ಚಿತ್ರಕಥೆಯಾಗಿಸಿದ್ದು ಆ ಮೇಲೆ. ಹೊಸ ಕಾಲಕ್ಕೆ ಸಲ್ಲದವನೆಂದು ಕಡೆಗಣಿಸಲ್ಪಟ್ಟ ಲೇಖಕರೊಬ್ಬರು, ಹೊಸ ಕಾಲಕ್ಕೆ ಹೆಜ್ಜೆಹಾಕದ ಚಿತ್ರಕಾರನೊಬ್ಬನ ಕಥೆಯನ್ನು ಎಷ್ಟೋ ಮೊದಲೇ ಬರೆದಿದ್ದರು. ಅದನ್ನು ಆರಿಸಿಕೊಂಡ ತಾವೆರ್ನಿಯೆ ಹಿರಿಯರ ಋಣವನ್ನು ಕಲೆಯ ಮೂಲಕ ಸಲ್ಲಿಸಿದರೆಂದು ಹೇಳಿದರೆ ತಪ್ಪಾಗದು. ಅವರೂ 2021ರಲ್ಲಿ ನಿಧನರಾದರು.

ಲಾದ್ಮಿರಾಲನ ಪಾತ್ರದಲ್ಲಿ ಕಾಣಿಸಿಕೊಂಡ ಲೂಯಿ ದ್ಯುಕ್ರೋ ಮುಖ್ಯವಾಗಿ ರಂಗಭೂಮಿಯವರು. 1911ರಲ್ಲಿ ಜನಿಸಿದ ಅವರಿಗೆ ಆಗ ಎಪ್ಪತ್ತು ದಾಟಿತ್ತು. ಚಲನಚಿತ್ರದಲ್ಲಿ ಹೆಚ್ಚು ಕಂಡುಬಾರದ ಮುಖವಾದ್ದರಿಂದಲೋ ಏನೋ, ನಾವು ನೋಡುತ್ತಿರುವುದು ನಟನನ್ನಲ್ಲ, ನೆರೆಮನೆಯ ಹಿರಿಯನೊಬ್ಬನನ್ನು ಎಂಬ ಭಾವ ಬರುತ್ತದೆ. ಬ್ರೂನೋ ದ ಕೇಝರ್ ಅವರ ಛಾಯಾಗ್ರಹಣವೂ ಸೆಝಾರ್ ಪ್ರಶಸ್ತಿಗೆ ಪಾತ್ರವಾಯಿತು. ಕಥೆಯ ಕಾಲದಿಂದ ಎರಡೇ ವರ್ಷಗಳಲ್ಲಿ, 1914ರಲ್ಲಿ, ಮಹಾಯುದ್ಧವು ಆರಂಭವಾಗಲಿದೆ. ಚಿತ್ರದೊಳಗಿನ ಯಾರಿಗೂ ಅದು ತಿಳಿಯದು, ನಮಗೆ ತಿಳಿದಿದೆ. ಆದ್ದರಿಂದ ಆ ಮಧ್ಯಾಹ್ನದ ಬಿಸಿಲು ನಮಗೆ ಅಷ್ಟು ಅಸ್ಥಿರವಾಗಿ ಕಾಣುತ್ತದೆ.

ಸಂಜೆಯಾಗುತ್ತದೆ. ಇರೇನ್ ಹೋಗಿಯಾಗಿದೆ. ಮಗನ ಸಂಸಾರವನ್ನೂ ಬೀಳ್ಕೊಟ್ಟು ಮುದುಕನು ಒಬ್ಬನೇ ಮನೆಗೆ ಮರಳುತ್ತಾನೆ. ಚಿತ್ರಶಾಲೆಗೆ ಹೋಗಿ, ತಾನು ಬರೆಯುತ್ತಿದ್ದ ಮೂಲೆಯ ಚಿತ್ರವನ್ನು ತೆಗೆದಿಟ್ಟು, ಆ ಜಾಗದಲ್ಲಿ ಖಾಲಿ ಚಿತ್ರಪಟವೊಂದನ್ನು ನಿಲ್ಲಿಸಿ ಅದರೆದುರು ಕುಳಿತುಕೊಳ್ಳುತ್ತಾನೆ. ಮುದುಕನು ಕಡೆಗಾಲದಲ್ಲಿ ಧೈರ್ಯ ತಂದುಕೊಂಡು ಹೊಸದಾಗಿ ಬರೆಯಲಿದ್ದಾನೆ, ಮಗಳ ಚೈತನ್ಯವು ಅವನಲ್ಲಿ ಸಂಚರಿಸಿದೆ ಎಂದು ಇದನ್ನು ಅರ್ಥೈಸುವವರುಂಟು. ಅದು ಸಾಧುವಾದ ಅರ್ಥವೇ. ಆದರೆ ನನಗೆ ಆ ಖಾಲಿ ಪಟದಲ್ಲಿ ಬೇರೊಂದು ಪ್ರಶ್ನೆ ಕಾಣುತ್ತದೆ. ಇಷ್ಟು ಕಾಲ ಅವನು ತನಗೆ ಅಭ್ಯಾಸವಾದದ್ದನ್ನೇ ನೋಡುತ್ತಾ ಬಂದವನು. ಈಗ ಅವನು ನಿಜವಾಗಿ ನೋಡಲು ತೊಡಗುವುದಾದರೆ ಮೊದಲು ಯಾರನ್ನು ನೋಡಬೇಕು? ಮೋಟಾರಿನಲ್ಲಿ ಹೊರಟುಹೋದ ಮಗಳನ್ನೇ, ಅಥವಾ ಮುಂದಿನ ಭಾನುವಾರ ರೈಲಿನಲ್ಲಿ ಬರಲಿರುವ ಮಗನನ್ನೇ?

ಚಿತ್ರವು ಸುಮಾರು ಒಂದೂವರೆ ಗಂಟೆಯದು. ವೇಗವಾದ ಕಥೆಗಳಿಗೆ ಒಗ್ಗಿದವರಿಗೆ ಮೊದಲ ಅರ್ಧಗಂಟೆ ನಿಧಾನವೆನಿಸಬಹುದು. ತಾಳ್ಮೆಯಿಂದ ಕುಳಿತರೆ, ಹಿರಿಯರೂ ಕಿರಿಯರೂ ಒಟ್ಟಿಗೆ ನೋಡಬಹುದಾದ, ನೋಡಿದ ಮೇಲೆ ಮಾತನಾಡಿಕೊಳ್ಳಬಹುದಾದ ಕೃತಿ ಇದು. ಮಕ್ಕಳು ತಂದೆತಾಯಿಗಳಿಗೆ ಸಲ್ಲಿಸಬೇಕಾದ ಕರ್ತವ್ಯದ ಬಗ್ಗೆ ಉಪದೇಶಗಳಿಗೆ ಎಲ್ಲಿಯೂ ಕೊರತೆಯಿಲ್ಲ. ಕರ್ತವ್ಯವನ್ನು ಸಲ್ಲಿಸಿದ ಮಕ್ಕಳಿಗೆ ತಂದೆತಾಯಿಗಳು ಏನನ್ನು ಸಲ್ಲಿಸಬೇಕು ಎಂಬುದನ್ನು ಹೇಳುವವರು ಕಡಿಮೆ. ದೂರದಲ್ಲಿರುವ ಮಗನ ಪತ್ರವನ್ನೋ ಕರೆಯನ್ನೋ ನೆರೆಹೊರೆಗೆಲ್ಲ ಹೇಳಿಕೊಂಡು ಹಿಗ್ಗುವ ಮನೆಗಳಲ್ಲಿ, ಹತ್ತಿರವೇ ಇದ್ದು ಔಷಧಿ ತಂದುಕೊಡುವ ಮಗನ ಹೆಸರು ಎಷ್ಟು ಸಲ ಬಾಯಿಗೆ ಬರುತ್ತದೆ? ಲಾದ್ಮಿರಾಲನ ಮನೆಯ ಬಾಗಿಲು ಸದಾ ತೆರೆದೇ ಇತ್ತು. ಅದರೊಳಗೆ ಪ್ರತಿ ಭಾನುವಾರ ಬಂದವನು ಇನ್ನೂ ಹೊರಗೇ ನಿಂತಿದ್ದಾನೆ ಎಂಬುದು ಅವನಿಗೆ ತಿಳಿಯಲು ಒಂದು ದಿನವೆಲ್ಲ ಬೇಕಾಯಿತು. ಅಷ್ಟಾದರೂ ತಿಳಿಯಿತೋ ಇಲ್ಲವೋ ಎಂಬುದನ್ನು ಚಿತ್ರವು ಹೇಳದೆ ಬಿಟ್ಟಿದೆ. ಉಳಿದದ್ದನ್ನು ನಮ್ಮ ನಮ್ಮ ಮನೆಗಳಲ್ಲಿ ನಾವೇ ಕೇಳಿಕೊಳ್ಳಬೇಕು.